ಎಣಿಕೆಗೆ ದೊರೆಯುವುದೆಷ್ಟು?

ನಮ್ಮ ಭಾಷೆಯಲ್ಲಿ ‘ಎಣಿಸು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಅಂಗಳದಲ್ಲಿ ರಾಶಿ ಹಾಕಿದ ತೆಂಗಿನಕಾಯಿಗಳನ್ನು ಒಂದು, ಎರಡು ಎಂದು ಲೆಕ್ಕ ಮಾಡುವುದೂ ಎಣಿಸುವುದೇ. ‘ಇಂದು ಮಳೆ ಬರಲಾರದೆಂದು ಎಣಿಸಿದ್ದೆವು’ ಎನ್ನುವಾಗ ಮನಸ್ಸಿನೊಳಗೆ ಭಾವಿಸಿಕೊಳ್ಳುವುದೂ ಎಣಿಸುವುದೇ. ‘ಗಣನೆ’ ಎಂಬ ಸಂಸ್ಕೃತ ಶಬ್ದದ ಹಾದಿಯೂ ಇಂಥದೇ. ಹಿರಿಯರ ಮಾತನ್ನು ಗಣನೆಗೆ ತಂದುಕೊಳ್ಳಬೇಕು ಎಂದರೆ ಅವರಾಡಿದ ಶಬ್ದಗಳ ಸಂಖ್ಯೆಯನ್ನು ಬರೆದಿಡಬೇಕೆಂದು ಯಾರೂ ಅರ್ಥಮಾಡುವುದಿಲ್ಲ. ಲೆಕ್ಕ ಮಾಡುವುದು ಮತ್ತು ಮನಸ್ಸಿಗೆ ತಂದುಕೊಳ್ಳುವುದು ಎಂಬ ಈ ಎರಡು ಕೆಲಸಗಳನ್ನು ಒಂದೇ ಮಾತಿನ ಎರಡು ಮಗ್ಗುಲುಗಳಾಗಿ ಇರಿಸಿಕೊಂಡ ಭಾಷೆ ನಮ್ಮದು.

ಆದರೆ ಇಂದಿನ ದಿನಗಳಲ್ಲಿ ಮೊದಲನೆಯ ಮಗ್ಗುಲು ಬೆಳೆದು ಎರಡನೆಯದನ್ನು ಮರೆಮಾಡುತ್ತಿದೆಯೇ ಎಂಬ ಶಂಕೆ ವಿಚಾರವಂತರನ್ನು ಕಾಡುತ್ತಿದೆ. ಮಗುವಿನ ಬುದ್ಧಿಗೆ ಅಂಕ, ಪುಸ್ತಕದ ಯೋಗ್ಯತೆಗೆ ಮಾರಾಟವಾದ ಪ್ರತಿಗಳ ಲೆಕ್ಕ, ಹಾಡಿನ ಹಿರಿಮೆಗೆ ಕೇಳಿದವರ ಎಣಿಕೆ, ಭಾಷೆಯ ಹಕ್ಕಿಗೆ ಜನಗಣತಿಯ ಅಂಕಣ. ಇನ್ನೂ ಹೆಚ್ಚು ಅಳೆದರೆ, ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ, ಕಾವ್ಯದ ಸೊಬಗನ್ನೂ ಮನುಷ್ಯನ ನಡತೆಯನ್ನೂ ಸಂಖ್ಯೆಗಳಿಂದಲೇ ಪೂರ್ಣವಾಗಿ ವಿವರಿಸಿಬಿಡಬಹುದೆಂದು ನಂಬುವವರಿದ್ದಾರೆ. ಕಲೆಗೂ ಲೆಕ್ಕಕ್ಕೂ ಏನೇನೂ ಸಂಬಂಧವಿಲ್ಲ ಎಂದು ಮುಖ ತಿರುಗಿಸುವವರೂ ಇದ್ದಾರೆ. ಈ ತಿಂಗಳು ಈ ಪ್ರಶ್ನೆಯನ್ನೇ ಓದುಗರೊಡನೆ ವಿಚಾರಿಸಬೇಕೆಂದು ಬಯಸಿದ್ದೇವೆ.

ಎರಡನೆಯ ಗುಂಪಿನವರಿಗೆ ಮೊದಲು ಉತ್ತರ ಹೇಳುವುದು ಯುಕ್ತ. ಕನ್ನಡ ಕಾವ್ಯದ ಮನೆ ನಿಂತಿರುವುದೇ ಎಣಿಕೆಯ ಅಡಿಪಾಯದ ಮೇಲೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘವೋ ಒತ್ತಕ್ಷರದ ಹಿಂದಿನದೋ ಆದರೆ ಗುರು, ಅದಕ್ಕೆ ಎರಡು ಮಾತ್ರೆ. ಕುಮಾರವ್ಯಾಸನು ಭಾರತಕಥೆಗೆ ಆರಿಸಿಕೊಂಡ ಭಾಮಿನೀ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು ಸೇರಿ 14 ಮಾತ್ರೆಗಳ ಪಾದವಾಗುತ್ತದೆ. ಅಂಥ ಪಾದಗಳು ನಾಲ್ಕು. ಮೂರನೆಯ ಮತ್ತು ಆರನೆಯ ಪಾದಗಳು ಇನ್ನೊಂದು ಜೊತೆ ಗಣಗಳನ್ನೂ ಕೊನೆಗೊಂದು ಗುರುವನ್ನೂ ಪಡೆದು 23 ಮಾತ್ರೆಗಳಾಗುತ್ತವೆ. ಹೀಗೆ ಇಡೀ ಪದ್ಯಕ್ಕೆ 102 ಮಾತ್ರೆಗಳು. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಐದೈದು ಮಾತ್ರೆಗಳ ಗಣಗಳಿಂದ ಕಟ್ಟಿದ್ದು. ಅದರ ಮೊತ್ತ 144. ಒಂದು ಮಾತ್ರೆ ತಪ್ಪಿದರೂ ಗಮಕಿಯ ಕಂಠ ತಡವರಿಸುತ್ತದೆ. ಲೆಕ್ಕವನ್ನು ಹಗುರಾಗಿ ಕಾಣುವವನು ನಮ್ಮ ಕವಿಗಳನ್ನೂ ಹಗುರಾಗಿ ಕಂಡಂತಾಯಿತು.

ಭಾರತೀಯ ಛಂದಶ್ಶಾಸ್ತ್ರಜ್ಞರು ಈ ಲೆಕ್ಕವನ್ನು ಎಷ್ಟು ದೂರ ಒಯ್ದಿದ್ದರೆಂದರೆ ಗಣಿತದ ಚರಿತ್ರೆಯಲ್ಲಿಯೇ ಅವರಿಗೊಂದು ಸ್ಥಾನವಿದೆ. ಲಘು ಗುರುಗಳನ್ನು ಬೆರೆಸಿ ಮೂರು ಮಾತ್ರೆಗಳ ಗಣವನ್ನು ಮೂರು ವಿಧವಾಗಿ ಕಟ್ಟಬಹುದು. ನಾಲ್ಕು ಮಾತ್ರೆಗಳದನ್ನು ಐದು ವಿಧವಾಗಿ. ಐದು ಮಾತ್ರೆಗಳದನ್ನು ಎಂಟು ವಿಧವಾಗಿ. ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನ ಎರಡರ ಮೊತ್ತ. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಹೇಮಚಂದ್ರಾಚಾರ್ಯನೂ ಅವನಿಗಿಂತ ಮೊದಲು ವಿರಹಾಂಕನೂ ಇದನ್ನು ಸ್ಪಷ್ಟವಾಗಿ ನಿರೂಪಿಸಿದ್ದರು. ಇಟಲಿಯ ಫಿಬೊನಾಚಿ ತನ್ನ ಗ್ರಂಥದಲ್ಲಿ ಇದೇ ಸಂಖ್ಯಾಶ್ರೇಣಿಯನ್ನು ಹೇಳಿದ್ದು 1202ರಲ್ಲಿ. ಇಂದು ಜಗತ್ತು ಅವನ ಹೆಸರಿನಿಂದ ಕರೆಯುವ ಆ ಶ್ರೇಣಿ ಭಾರತದಲ್ಲಿ ಹುಟ್ಟಿದ್ದು ಪದ್ಯದ ಲಯವನ್ನು ಅರಸಿ ಹೊರಟವರ ಕೈಯಲ್ಲಿ.

ಇನ್ನು ಒಂದು ಹೆಜ್ಜೆ ಮುಂದಿಡೋಣ. ಗಣಿತವು ಮೂರು ಮಾತ್ರೆಗಳ ಗಣಕ್ಕೆ ಮೂರು ರೂಪಗಳನ್ನು ಕೊಟ್ಟಿತು. ನಮ್ಮ ಷಟ್ಪದಿ ಅವುಗಳಲ್ಲಿ ಎರಡನ್ನು ಮಾತ್ರ ಸ್ವೀಕರಿಸಿತು. ನಾಲ್ಕು ಮಾತ್ರೆಗಳಿಗೆ ಐದು ರೂಪಗಳನ್ನು ಕೊಟ್ಟಿತು; ನಾಲ್ಕಕ್ಕೆ ಮಾತ್ರ ಪ್ರವೇಶ ದೊರೆಯಿತು. ಗಣದ ಆರಂಭದಲ್ಲಿಯೇ ಲಘುವಿನ ಬೆನ್ನಿಗೆ ಗುರು ಬಂದರೆ ನಡೆ ಎಡವಿದಂತಾಗುತ್ತದೆ. ಆದುದರಿಂದ ಅಂಥ ರೂಪವನ್ನು ಹಿಂದಿನವರು ಬಿಟ್ಟರು. ಲೆಕ್ಕದ ದೃಷ್ಟಿಯಿಂದ ಬಿಟ್ಟ ರೂಪಕ್ಕೂ ಇಟ್ಟ ರೂಪಕ್ಕೂ ಯಾವ ಭೇದವೂ ಇಲ್ಲ. ಮಾತ್ರೆಗಳ ಮೊತ್ತ ಒಂದೇ. ಭೇದವನ್ನು ಕಂಡುಹಿಡಿದದ್ದು ಕಿವಿ. ಶಾಸ್ತ್ರಕಾರನು ಆಮೇಲೆ ಬಂದು ಕಿವಿಯ ತೀರ್ಪನ್ನು ನಿಯಮವಾಗಿ ಬರೆದುಕೊಂಡನು.

ಹೀಗೆ ಆಯ್ದ ರೂಪಗಳನ್ನೇ ಹಿಡಿದು ಲೆಕ್ಕ ಮಾಡಿದರೆ ಮೂರು ಮತ್ತು ನಾಲ್ಕು ಮಾತ್ರೆಗಳ ಒಂದು ಜೊತೆಗೆ ಎಂಟು ವಿಧ. ಒಂದು ಭಾಮಿನಿಯಲ್ಲಿ ಇಂಥ 14 ಜೊತೆಗಳಿವೆ. ಪ್ರಾಸದ ಕಟ್ಟನ್ನು ಗಮನಿಸದೆ ಬಿಟ್ಟರೆ, ದೋಷವಿಲ್ಲದ ಭಾಮಿನೀ ಷಟ್ಪದಿಯ ಲಘುಗುರುವಿನ್ಯಾಸಗಳು 4,39,804 ಕೋಟಿಗೂ ಮಿಕ್ಕುತ್ತವೆ. ಅಕ್ಷರಗಳನ್ನು ಇನ್ನೂ ತುಂಬಿಯೇ ಇಲ್ಲ. ಇವು ಬರಿಯ ಅಚ್ಚುಗಳು. ಈ ಅಗಾಧ ರಾಶಿಯಲ್ಲಿ ಎಲ್ಲವೂ ನಿಯಮಬದ್ಧವೇ. ಯುದ್ಧಭೂಮಿಯಲ್ಲಿ ಕರ್ಣನು ತನ್ನ ಹುಟ್ಟನ್ನು ನೆನೆಯುವ ಹೊತ್ತಿಗೆ ಯಾವ ವಿನ್ಯಾಸ ಬೇಕು, ದೂತನೊಬ್ಬ ಓಡಿ ಬರುವ ಹೊತ್ತಿಗೆ ಯಾವುದು ಬೇಕು ಎಂಬುದನ್ನು ಆ ಸಂಖ್ಯೆ ನಮಗೆ ಹೇಳಲಾರದು. ಎಣಿಕೆ ಬಾಗಿಲುಗಳನ್ನು ತೋರಿಸುತ್ತದೆ. ಒಳಹೋಗತಕ್ಕ ಬಾಗಿಲನ್ನು ಆರಿಸಬೇಕಾದವನು ಕವಿ.

ನಿಯಮಗಳಲ್ಲಿ ಯಾವುದು ಕಾವ್ಯದ ಪ್ರಾಣ, ಯಾವುದು ಉಡುಪು ಎಂಬುದನ್ನೂ ಲೆಕ್ಕ ಹೇಳದು. ಇದಕ್ಕೆ ನಿದರ್ಶನ ನಮ್ಮ ಗಡಿನಾಡಿನಲ್ಲಿಯೇ ಇದೆ. ದ್ವಿತೀಯಾಕ್ಷರ ಪ್ರಾಸವು ಶತಮಾನಗಳ ಕಾಲ ಕನ್ನಡ ಪದ್ಯದ ಅನಿವಾರ್ಯ ಲಕ್ಷಣವಾಗಿತ್ತು. ಆ ಕಾಲದವರೆಗಿನ ಪದ್ಯಗಳನ್ನೆಲ್ಲ ಎಣಿಸಿ ನೋಡಿದ ಲೆಕ್ಕಿಗನು, ಪ್ರಾಸವಿಲ್ಲದೆ ಕನ್ನಡ ಪದ್ಯವಿಲ್ಲ ಎಂದೇ ನಿರ್ಣಯಿಸಬೇಕಾಗಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ತೊರೆದರು. ಕಾವ್ಯ ಸಾಯಲಿಲ್ಲ, ಹೊಸ ಉಸಿರೆಳೆದುಕೊಂಡಿತು. ಸಂಖ್ಯೆ ಕಳೆದ ಕಾಲವನ್ನು ಬಲ್ಲದು. ಧೀರನೊಬ್ಬನು ನಾಳೆ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಅದು ಮುಂಗಾಣದು. ಅದೇ ಗೋವಿಂದ ಪೈಗಳು ಸಂಶೋಧಕರಾಗಿ ರಾಜರ, ಕವಿಗಳ, ಮತಾಚಾರ್ಯರ ಕಾಲನಿರ್ಣಯಕ್ಕಾಗಿ ಶಕವರ್ಷ, ತಿಥಿ, ವಾರಗಳ ಲೆಕ್ಕದಲ್ಲಿ ವರ್ಷಗಟ್ಟಲೆ ಶ್ರಮಿಸಿದವರು. ಒಂದೇ ತಲೆಯಲ್ಲಿ ಲೆಕ್ಕವೂ ಕಾವ್ಯವೂ ಜಗಳವಿಲ್ಲದೆ ವಾಸಿಸಿದ್ದವು. ಎಲ್ಲಿ ಯಾವುದನ್ನು ಬಳಸಬೇಕೆಂಬ ವಿವೇಕ ಅವರಿಗಿತ್ತು.

ಸಂಗೀತದ ಕಡೆಗೆ ಬಂದರೆ ಸಂಖ್ಯೆಯ ಆಳ್ವಿಕೆ ಇನ್ನೂ ಹಳೆಯದು. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲು ಮಾಡಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲು ಮಾಡಿದರೆ ಮಧ್ಯಮ. ಪ್ರಾಚೀನ ಗ್ರೀಸಿನ ಪೈಥಾಗೊರಸನ ಹೆಸರಿನೊಡನೆ ಬಂದಿರುವ ಈ ಅನುಪಾತಗಳು ಇಂದಿಗೂ ಸುಳ್ಳಾಗಿಲ್ಲ. ಆದರೆ ಇದೇ ಲೆಕ್ಕವನ್ನು ಹಿಡಿದು ಪಂಚಮದ ಮೇಲೆ ಪಂಚಮವನ್ನು ಹನ್ನೆರಡು ಸಲ ಏರಿಸಿದರೆ ಏಳು ಸ್ಥಾಯಿಗಳಾಚೆಯ ಷಡ್ಜಕ್ಕೆ ಸರಿಯಾಗಿ ಬಂದು ನಿಲ್ಲಬೇಕಷ್ಟೆ? ನಿಲ್ಲುವುದಿಲ್ಲ. 128 ಆಗಬೇಕಾದಲ್ಲಿ 129.7 ಆಗುತ್ತದೆ. ಪಾಶ್ಚಾತ್ಯರು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಒಡೆದು, ಪ್ರತಿಯೊಂದು ಸ್ವರಕ್ಕೂ ಆ ವ್ಯತ್ಯಾಸವನ್ನು ಅಷ್ಟಿಷ್ಟು ಹಂಚಿಬಿಟ್ಟರು. ನಮ್ಮ ಭಜನಾಮಂದಿರಗಳ ಹಾರ್ಮೋನಿಯಂ ಈ ಹಂಚಿಕೆಯ ಕೂಸು. ಗಮಕಕ್ಕೆ ಬಾಗದ ಆ ಸ್ಥಿರಸ್ವರಗಳು ನಮ್ಮ ರಾಗಗಳಿಗೆ ಹೊಂದವೆಂಬ ವಾದದಿಂದಲೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಆ ನಿರ್ಬಂಧ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಸಮವಾದ ಹಂಚಿಕೆ ಎಲ್ಲ ಕಿವಿಗಳಿಗೂ ಸಮಾಧಾನ ತಾರದು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಇದಕ್ಕಿಂತಲೂ ಬಲವಾದ ಸಾಕ್ಷಿಯೊಂದಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ನಮ್ಮ ಓದುಗರಿಗೆ ಹಿಂದುಸ್ತಾನಿ ಸಂಗೀತದ ಭೂಪಾಲಿ, ದೇಶಕಾರ ರಾಗಗಳ ಪರಿಚಯ ಇದ್ದೇ ಇದೆ. ಎರಡರಲ್ಲಿಯೂ ಷಡ್ಜ, ಶುದ್ಧ ರಿಷಭ, ಶುದ್ಧ ಗಾಂಧಾರ, ಪಂಚಮ, ಶುದ್ಧ ಧೈವತ ಎಂಬ ಅವೇ ಐದು ಸ್ವರಗಳು. ಸ್ವರಗಳ ಪಟ್ಟಿಯನ್ನಷ್ಟೇ ನೋಡಿದರೆ ಎರಡೂ ಒಂದೇ. ಆದರೂ ಭೂಪಾಲಿ ಸಂಜೆ ಕಳೆದು ಇರುಳಿಗೆ ಕಾಲಿಡುವ ಹೊತ್ತಿನ ರಾಗ, ಗಾಂಧಾರದಲ್ಲಿ ಅದರ ನೆಲೆ. ದೇಶಕಾರ ಬೆಳಗಿನ ರಾಗ, ಧೈವತದಲ್ಲಿ ಅದರ ನೆಲೆ. ಎಲ್ಲಿ ನಿಲ್ಲಬೇಕು, ಯಾವ ಸ್ವರವನ್ನು ಮುಟ್ಟಿ ಬಿಟ್ಟುಬಿಡಬೇಕು, ಯಾವುದಕ್ಕೆ ಮತ್ತೆ ಮತ್ತೆ ಮರಳಬೇಕು ಎಂಬುದರಲ್ಲಿ ರಾಗದ ಜೀವವಿದೆ. ಆ ನಿಲುಗಡೆಗಳನ್ನೂ ಎಣಿಸಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಎಣಿಸಬಹುದು, ನಿಜ. ಗಾಯಕ ಹಾಡಿ ಮುಗಿಸಿದ ಮೇಲೆ, ಅವನ ಹಿಂದೆ ನಡೆದು ಹೆಜ್ಜೆಗಳನ್ನು ಲೆಕ್ಕ ಮಾಡಬಹುದು. ಅವನೇಕೆ ಆ ದಾರಿ ಹಿಡಿದ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಸೌಂದರ್ಯವನ್ನೇ ಒಂದು ಸೂತ್ರಕ್ಕೆ ಇಳಿಸುವ ಪ್ರಯತ್ನವೂ ನಡೆದಿದೆ. ಅಮೆರಿಕದ ಶ್ರೇಷ್ಠ ಗಣಿತಜ್ಞ ಜಾರ್ಜ್ ಡೇವಿಡ್ ಬರ್ಕಾಫ್ 1933ರಲ್ಲಿ ಈ ವಿಷಯಕ್ಕಾಗಿ ಒಂದು ಗ್ರಂಥವನ್ನೇ ಬರೆದನು. ವಸ್ತುವಿನಲ್ಲಿರುವ ಕ್ರಮವನ್ನು ಅದರ ಜಟಿಲತೆಯಿಂದ ಭಾಗಿಸಿದರೆ ಅದರ ಸೌಂದರ್ಯದ ಅಳತೆ ದೊರೆಯುತ್ತದೆ ಎಂಬುದು ಅವನ ಸೂತ್ರ. ತೊಂಬತ್ತು ರೇಖಾಕೃತಿಗಳಿಗೆ ಅದನ್ನು ಅನ್ವಯಿಸಿ ತರತಮವನ್ನು ಗೊತ್ತುಪಡಿಸಿದನು. ಹೂದಾನಿಗಳನ್ನೂ ಸಂಗೀತವನ್ನೂ ಕವಿತೆಯನ್ನೂ ಅಳೆಯಲು ಹೊರಟನು. ರೇಖಾಕೃತಿಗಳಲ್ಲಿ ಪ್ರಥಮಸ್ಥಾನ ಸಾಮಾನ್ಯ ಚೌಕಕ್ಕೆ ದೊರೆಯಿತು! ಮನೆಯಂಗಳದಲ್ಲಿ ನಸುಕಿಗೆದ್ದು ರಂಗವಲ್ಲಿ ಇಡುವ ಹೆಣ್ಣುಮಗಳು ಚುಕ್ಕಿಗಳನ್ನು ಎಣಿಸಿಯೇ ಇಡುತ್ತಾಳೆ. ಆದರೆ ಬರಿಯ ಚೌಕ ಎಳೆದು ಎದ್ದುಬಿಡುವುದಿಲ್ಲ. ಬರ್ಕಾಫನ ಸಾಹಸವನ್ನು ನಾವು ಹಾಸ್ಯಮಾಡುತ್ತಿಲ್ಲ. ಸೊಬಗಿಗೆ ಕ್ರಮವೂ ಬೇಕು, ವೈವಿಧ್ಯವೂ ಬೇಕು ಎಂಬ ಅವನ ಮೂಲನೋಟದಲ್ಲಿ ಸತ್ಯವಿದೆ. ಆದರೆ ಎಷ್ಟು ಕ್ರಮ, ಎಷ್ಟು ವೈವಿಧ್ಯ ಎಂಬುದು ನೋಡುವವರ ಪರಂಪರೆಯನ್ನೂ ಸಂದರ್ಭವನ್ನೂ ಹೊಂದಿಕೊಂಡಿರುತ್ತದೆ. ಅದು ಭಾಗಾಕಾರಕ್ಕೆ ಒಳಗಾಗುವ ಪದಾರ್ಥವಲ್ಲ.

ಸಾಹಿತ್ಯದಲ್ಲಿ ಎಣಿಕೆ ಗೆದ್ದ ಪ್ರಸಂಗವನ್ನೂ ಹೇಳದಿದ್ದರೆ ನ್ಯಾಯವಾಗದು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787 ಮತ್ತು 1788ರಲ್ಲಿ ಪ್ರಕಟವಾದ ಲೇಖನಮಾಲೆಯಲ್ಲಿ ಹನ್ನೆರಡು ಲೇಖನಗಳನ್ನು ಬರೆದವರು ಹ್ಯಾಮಿಲ್ಟನ್ನರೋ ಮ್ಯಾಡಿಸನ್ನರೋ ಎಂಬ ವಿವಾದ ಬಹುಕಾಲ ನಡೆದಿತ್ತು. 1964ರಲ್ಲಿ ಮೊಸ್ಟೆಲರ್ ಮತ್ತು ವಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಬರೆಯುವವನ ಗಮನಕ್ಕೇ ಬಾರದ ಸಣ್ಣಪುಟ್ಟ ಅವ್ಯಯಗಳು ಎಷ್ಟು ಸಲ ಬಂದಿವೆಯೆಂದು ಎಣಿಸಿ, ಅವು ಮ್ಯಾಡಿಸನ್ನರವೆಂದು ತೋರಿಸಿಕೊಟ್ಟರು. ಇದು ಸಂಖ್ಯೆಯ ದೊಡ್ಡ ಗೆಲುವು. ಬರೆದವರಾರು ಎಂಬುದಕ್ಕೆ ಉತ್ತರ ಬಂತು. ಬರೆದದ್ದು ನ್ಯಾಯವೇ, ಮನನೀಯವೇ ಎಂಬುದಕ್ಕೆ ಓದುಗನೇ ಉತ್ತರ ಹೇಳಬೇಕಾಯಿತು. ಇಂದು ಪದಗಳನ್ನೆಲ್ಲ ಸಂಖ್ಯೆಗಳಾಗಿ ಮಾರ್ಪಡಿಸಿಕೊಂಡು ಪದ್ಯ ಕಟ್ಟುವ ಗಣಕಯಂತ್ರಗಳೂ ಬಂದಿವೆ. ಅವು ಕಟ್ಟಿದ ಪದ್ಯ ಕೆಲವೊಮ್ಮೆ ಚೆನ್ನಾಗಿಯೂ ಇರಬಹುದು. ಆದರೆ ಅದು ಚೆನ್ನಾಗಿದೆ ಎನ್ನಬೇಕಾದರೆ ಒಂದು ಮನಸ್ಸು ಅದನ್ನು ಓದಿ ತನ್ನ ಬಾಳಿನೊಡನೆ ಹೋಲಿಸಿ ನೋಡಬೇಕು.

ಕಾಸರಗೋಡಿನ ನೆಲದಲ್ಲಿ ಬೆಳೆದವರಿಗೆ ಈ ಸಂಗತಿಯನ್ನು ತಾಳಮದ್ದಳೆಗಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಬೇರೊಂದಿಲ್ಲ. ಪ್ರಸಂಗದ ಪದ್ಯಗಳು ಕವಿ ಬರೆದಿಟ್ಟಂತೆಯೇ ಇವೆ. ತ್ರಿವುಡೆಗೆ ಏಳು ಎಣಿಕೆ, ಅಷ್ಟತಾಳಕ್ಕೆ ಹದಿನಾಲ್ಕು. ಭಾಗವತರ ಜಾಗಟೆಯೂ ಮದ್ದಳೆಯ ಪೆಟ್ಟೂ ಆ ಲೆಕ್ಕವನ್ನು ಅಂಗುಲವೂ ಬಿಡುವುದಿಲ್ಲ. ಪದ್ಯ ಮುಗಿದೊಡನೆ ಅರ್ಥಧಾರಿ ಮಾತಿಗೆ ತೊಡಗುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಬರೆದ ಮಾತೂ ಇಲ್ಲ. ಅದೇ ಪ್ರಸಂಗ, ಅದೇ ಪದ್ಯ, ಅವನೇ ವಾಲಿ. ನಿನ್ನೆ ರಾಮನನ್ನು ಪ್ರಶ್ನಿಸಿದವನು ಇಂದು ತನ್ನನ್ನೇ ಪ್ರಶ್ನಿಸಿಕೊಳ್ಳಬಹುದು. ಎದುರು ಕುಳಿತವನ ಒಂದು ಮಾತು ಅವನ ದಾರಿಯನ್ನು ತಿರುಗಿಸಿಬಿಡಬಹುದು. ನಮ್ಮ ಹಿರಿಯರು ಎಣಿಕೆಗೆ ಸಿಗುವ ಭಾಗವನ್ನು ಪದ್ಯವೆಂದೂ ಸಿಗದ ಭಾಗವನ್ನು ‘ಅರ್ಥ’ವೆಂದೂ ಕರೆದರು. ಪದ್ಯವಿಲ್ಲದಿದ್ದರೆ ಅರ್ಥಕ್ಕೆ ನಿಲ್ಲಲು ನೆಲವಿಲ್ಲ. ಅರ್ಥವಿಲ್ಲದಿದ್ದರೆ ಜನ ಇರುಳೆಲ್ಲ ಕುಳಿತಿರುವುದಿಲ್ಲ.

ಕಲೆಯ ಮಾತು ಹೀಗಾದರೆ ಮನುಷ್ಯನ ನಡತೆಯ ಗತಿಯೇನು? ಇಲ್ಲಿ ಸಂಖ್ಯೆಯ ಹಕ್ಕು ಮೇಲ್ನೋಟಕ್ಕೆ ಇನ್ನೂ ಬಲವಾಗಿದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನು 1814ರಲ್ಲಿ ಒಂದು ಕುತೂಹಲದ ಸಂಗತಿಯನ್ನು ದಾಖಲಿಸಿದನು. ವಿಳಾಸ ಸರಿಯಿಲ್ಲದೆ ಪ್ಯಾರಿಸಿನ ಅಂಚೆಕಚೇರಿಯಲ್ಲಿ ಉಳಿದುಹೋಗುವ ಕಾಗದಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೀಗೆ ತಪ್ಪಾಗಿ ಬರೆಯೋಣವೆಂದು ಯಾರೂ ಕೂಡಿ ಮಾತಾಡಿಕೊಂಡಿರಲಿಲ್ಲ. ಒಬ್ಬೊಬ್ಬರ ಮರೆವು ಒಂದೊಂದು ಬಗೆ. ಆದರೂ ಒಟ್ಟು ಮರೆವಿಗೊಂದು ನಿಯಮವಿತ್ತು. ಬೆಲ್ಜಿಯಮ್ಮಿನ ಕೆಟ್ಲೆ 1835ರ ತನ್ನ ಗ್ರಂಥದಲ್ಲಿ ಅಪರಾಧಗಳಲ್ಲಿಯೂ ಇಂಥದೇ ಕ್ರಮವನ್ನು ಕಂಡು, ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟನು. ವಿಮೆ, ರೈಲು, ಆಸ್ಪತ್ರೆ, ಪಡಿತರ ಇವೆಲ್ಲವೂ ಇಂದು ಇಂಥ ಲೆಕ್ಕದ ಆಧಾರದಿಂದಲೇ ನಡೆಯುತ್ತಿವೆ; ಅದರಿಂದ ಲೋಕಕ್ಕೆ ಆಗಿರುವ ಉಪಕಾರ ಸಣ್ಣದಲ್ಲ.

ಆದರೆ ಆ ಅಂಚೆಕಚೇರಿಯ ಮೂಲೆಯಲ್ಲಿ ಉಳಿದ ಕಾಗದಗಳನ್ನು ಓದುಗರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಎಷ್ಟು ಕಾಗದಗಳು ಉಳಿದಾವೆಂದು ಲೆಕ್ಕ ಹೇಳುತ್ತದೆ. ಅವನ್ನು ಇಡಲು ಎಷ್ಟು ದೊಡ್ಡ ಕಪಾಟು ಬೇಕೆಂದು ಅಧಿಕಾರಿಗೆ ತಿಳಿಯುತ್ತದೆ. ಯಾವ ತಾಯಿಗೆ ಮಗನ ಕಾಗದ ಬರಲಿಲ್ಲ, ಅದರಲ್ಲಿ ಏನು ಬರೆದಿತ್ತು, ಬಾರದ ಕಾಗದದಿಂದ ಯಾವ ಮದುವೆ ಮುರಿಯಿತು ಎಂಬ ಸುದ್ದಿ ಆ ಅಂಕಿಯಲ್ಲಿ ಇಲ್ಲ. ಗುಂಪಿನ ಸತ್ಯವೂ ಸತ್ಯವೇ. ಅದನ್ನು ಒಬ್ಬನ ಸತ್ಯವೆಂದು ಭ್ರಮಿಸುವುದು ದೋಷ.

ಈ ದೋಷವನ್ನು ಬಯಲಿಗೆಳೆದದ್ದೂ ಎಣಿಕೆಯೇ ಎಂಬುದು ಗಮನಾರ್ಹ. ಅಮೆರಿಕದ ವಾಯುಪಡೆ 1950ರಲ್ಲಿ 4063 ವಿಮಾನಚಾಲಕರ ದೇಹವನ್ನು ಅಳೆಯಿಸಿತು. ಅವರಲ್ಲಿ ಎಷ್ಟು ಮಂದಿ ‘ಸರಾಸರಿ’ ದೇಹದವರು ಎಂದು ಗಿಲ್ಬರ್ಟ್ ಡೇನಿಯಲ್ಸ್ ಎಂಬಾತ ಹುಡುಕಿದನು. ಎತ್ತರ, ಎದೆ, ತೋಳು ಮೊದಲಾದ ಹತ್ತು ಅಳತೆಗಳಲ್ಲಿ, ಸರಾಸರಿಯ ಆಸುಪಾಸನ್ನು ಧಾರಾಳವಾಗಿಯೇ ಇಟ್ಟುಕೊಂಡರೂ, ಹತ್ತರಲ್ಲಿಯೂ ಸರಾಸರಿಯಾಗಿದ್ದವನು ಒಬ್ಬನೂ ಸಿಗಲಿಲ್ಲ! ದೇಹದ ಹತ್ತು ಅಳತೆಗಳಲ್ಲಿಯೇ ಹೀಗಾದರೆ ಮನಸ್ಸಿನ ವಿಷಯದಲ್ಲಿ ಹೇಳಬೇಕೆ? ಸರಾಸರಿ ಮನುಷ್ಯನಿಗಾಗಿ ಮಾಡಿದ ಆಸನ ಯಾರಿಗೂ ಹೊಂದದು. ಕುಳಿತವನಿಗೆ ತಕ್ಕಂತೆ ಸರಿಸಿಕೊಳ್ಳಬಹುದಾದ ಆಸನವೇ ಬೇಕೆಂಬ ಪಾಠ ಅದರಿಂದ ದೊರೆಯಿತು.

ಮನುಷ್ಯನಿಗೂ ಗ್ರಹನಕ್ಷತ್ರಗಳಿಗೂ ಇನ್ನೊಂದು ಭೇದವಿದೆ. ಇಂಥ ದಿನ ಗ್ರಹಣವೆಂದು ಪಂಚಾಂಗದಲ್ಲಿ ಬರೆದರೆ ಚಂದ್ರನು ಅದನ್ನು ಓದಿ ತನ್ನ ದಾರಿ ಬದಲಿಸುವುದಿಲ್ಲ. ‘ನೀನು ಹೀಗೆ ಮಾಡುವವನು’ ಎಂದು ಮನುಷ್ಯನಿಗೆ ಹೇಳಿದರೆ, ಅದನ್ನು ಕೇಳಿದ ಕಾರಣಕ್ಕೇ ಅವನು ಹಾಗೆ ಮಾಡದಿರಬಹುದು. ಅಥವಾ ಆ ಮಾತಿಗೆ ಕುಗ್ಗಿ ಹಾಗೆಯೇ ಆಗಿಬಿಡಬಹುದು. ನಮ್ಮ ಮನೆಗಳಲ್ಲಿ ಮಕ್ಕಳ ಅಂಕಪಟ್ಟಿಯನ್ನು ಹಿಡಿದು ಮಾತಾಡುವಾಗ ಈ ಎರಡನೆಯ ಅಪಾಯವನ್ನು ಮರೆಯಲಾಗದು. 1905ರಲ್ಲಿ ಸಿಮೊನ್ ಎಂಬ ವೈದ್ಯನೊಡನೆ ಬುದ್ಧಿಪರೀಕ್ಷೆಯ ಮೊದಲ ಮಾನಕವನ್ನು ಸಿದ್ಧಪಡಿಸಿದವನು ಫ್ರಾನ್ಸಿನ ಆಲ್ಫ್ರೆಡ್ ಬಿನೆ. ಶಾಲೆಯಲ್ಲಿ ವಿಶೇಷ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದು ಅವನ ಉದ್ದೇಶ. ಬುದ್ಧಿಯನ್ನು ಬಟ್ಟೆಯ ಉದ್ದದಂತೆ ಅಳೆಯಲು ಬರುವುದಿಲ್ಲವೆಂದೂ, ಅದು ಹುಟ್ಟಿನಿಂದ ಗೊತ್ತಾಗಿಬಿಟ್ಟ ಪ್ರಮಾಣವಲ್ಲವೆಂದೂ ಅವನು ಎಚ್ಚರಿಸಿದ್ದನು. 1911ರಲ್ಲಿ ಅವನು ತೀರಿಕೊಂಡ ಮೇಲೆ ಅದೇ ಬಗೆಯ ಪರೀಕ್ಷೆಗಳನ್ನು ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಸುಮಾರು 17 ಲಕ್ಷ ಸೈನಿಕರ ಮೇಲೆ ನಡೆಯಿಸಿ, ಯಾವ ದೇಶದವರು ಬುದ್ಧಿವಂತರು, ಯಾರು ಮಂದರು ಎಂದು ಜನಾಂಗಗಳಿಗೇ ಹಣೆಪಟ್ಟಿ ಕಟ್ಟಿದರು. ಮಗುವಿಗೆ ಊರುಗೋಲಾಗಬೇಕಾಗಿದ್ದ ಸಂಖ್ಯೆ ಬಡಿಗೋಲಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಗಡಿನಾಡಿನವರಾದ ನಾವು ಸಂಖ್ಯೆಯನ್ನು ತಳ್ಳಿಹಾಕುವ ಸ್ಥಿತಿಯಲ್ಲಿ ಇಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಹಣೆಬರಹದಲ್ಲಿ ಸಂಖ್ಯೆಗಳೇ ಹೆಚ್ಚು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಲೂ, ಮಹಾಜನ ಆಯೋಗ 1967ರಲ್ಲಿ ವರದಿ ಒಪ್ಪಿಸಿದಾಗಲೂ, ಯಾವ ಭಾಷೆಯವರು ಎಲ್ಲಿ ಎಷ್ಟು ಮಂದಿ ಎಂಬ ಅಂಕಿಅಂಶಗಳೇ ವಾದದ ನಡುವಿನಲ್ಲಿದ್ದವು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿರ್ಣಯ ಮಾಡಿತು: ಶಾಲೆಯಲ್ಲಿ ಒಟ್ಟು 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಅವರಿಗೆ ಆ ಭಾಷೆಯಲ್ಲಿಯೇ ಪ್ರಾಥಮಿಕ ಶಿಕ್ಷಣ ಕೊಡಲು ಅಧ್ಯಾಪಕನೊಬ್ಬನನ್ನು ನೇಮಿಸತಕ್ಕದ್ದು. 1956ರಲ್ಲಿ ಸಂವಿಧಾನಕ್ಕೆ 350 ಎ ವಿಧಿ ಸೇರಿ, ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸುವ ಹೊಣೆ ರಾಜ್ಯಗಳ ಮೇಲೆ ಬಂತು. ಹತ್ತು ಎಂಬ ಆ ಸಂಖ್ಯೆಯ ಬಲದಿಂದ ಎಷ್ಟೋ ಮಕ್ಕಳಿಗೆ ತಾಯ್ನುಡಿಯ ಅಕ್ಷರಗಳು ಸಿಕ್ಕಿವೆ. ಆ ಬಲವನ್ನು ನಾವು ಬಿಟ್ಟುಕೊಡಲಾಗದು.

ಆದರೆ ಒಂಬತ್ತೇ ಮಕ್ಕಳಿರುವ ತರಗತಿಯ ಪ್ರಶ್ನೆ ಉಳಿಯುತ್ತದೆ. ಅಜ್ಜಿಯ ಕಥೆ, ಅಮ್ಮನ ಜೋಗುಳ, ಮನೆಯ ಜಗಳ ಎಲ್ಲವೂ ಕನ್ನಡದಲ್ಲಿರುವ ಒಂಬತ್ತನೆಯ ಮಗುವಿಗೆ ಕನ್ನಡದ ಅಗತ್ಯ ಹತ್ತನೆಯ ಮಗುವಿಗಿಂತ ಎಳ್ಳಷ್ಟೂ ಕಡಿಮೆಯಲ್ಲ. ಹಾಗೆಯೇ ಜನಗಣತಿಯ ಮಾತೃಭಾಷೆಯ ಅಂಕಣವೂ. 1961ರ ಗಣತಿ ದೇಶದಲ್ಲಿ 1652 ಮಾತೃಭಾಷೆಗಳ ಹೆಸರುಗಳನ್ನು ದಾಖಲಿಸಿತು. ನಮ್ಮ ಒಂದೊಂದು ಮನೆಯಲ್ಲಿಯೇ ಅವುಗಳಲ್ಲಿ ಮೂರು ನಾಲ್ಕು ಉಂಟು: ಅಡುಗೆಮನೆಯಲ್ಲಿ ತುಳು ಅಥವಾ ಕೊಂಕಣಿ, ಪೇಟೆಯಲ್ಲಿ ಮಲಯಾಳ, ಓದುಬರಹದಲ್ಲಿಯೂ ಕಾವ್ಯದಲ್ಲಿಯೂ ಕನ್ನಡ. ಗಣತಿಯವರಿಗೆ ನಾವು ನಿಜವನ್ನೇ ಬರೆಯಿಸಬೇಕು; ಬರೆಯಿಸದಿದ್ದರೆ ನಷ್ಟ ನಮ್ಮದೇ. ಆದರೆ ಒಬ್ಬಳು ತನ್ನ ಮಗುವನ್ನು ಯಾವ ನುಡಿಯಲ್ಲಿ ಸಂತೈಸುತ್ತಾಳೆ, ಒಬ್ಬನು ಲೆಕ್ಕವನ್ನು ಯಾವ ನುಡಿಯಲ್ಲಿ ಮಾಡಿ ದೇವರನ್ನು ಯಾವ ನುಡಿಯಲ್ಲಿ ಕರೆಯುತ್ತಾನೆ ಎಂಬುದೆಲ್ಲ ಅದೊಂದು ಅಂಕಣದೊಳಗೆ ಅಡಗಲಾರದು.

ಆದಕಾರಣ ನಮ್ಮ ಅಭಿಪ್ರಾಯವನ್ನು ಹೀಗೆ ಹೇಳುತ್ತೇವೆ. ಮರಳಿ ಮರಳಿ ಬರುವುದು ಯಾವುದೋ, ಹಲವರಲ್ಲಿ ಸಮಾನವಾದುದು ಯಾವುದೋ, ಅದನ್ನು ತಿಳಿಯಲು ಸಂಖ್ಯೆಗಿಂತ ಉತ್ತಮ ಸಾಧನ ಮನುಷ್ಯನ ಕೈಯಲ್ಲಿಲ್ಲ. ಈ ಪದ್ಯವೇ ಏಕೆ, ಈ ಮಗುವೇ ಏಕೆ, ಇಂದೇ ಏಕೆ ಎಂಬ ಪ್ರಶ್ನೆಗಳು ಬಂದಾಗ ಸಂಖ್ಯೆ ಸಾಕ್ಷಿ ಹೇಳಬಹುದು. ತೀರ್ಪು ಹೇಳುವ ಅಧಿಕಾರವನ್ನು ಅದಕ್ಕೆ ಕೊಡಬಾರದು. ಇದು ಸಂಖ್ಯೆಯ ಅವಮಾನವಲ್ಲ. ತಕ್ಕಡಿಯನ್ನು ಹಿಡಿದು ಮಲ್ಲಿಗೆಯ ಪರಿಮಳವನ್ನು ತೂಗಲಿಲ್ಲವೆಂದು ತಕ್ಕಡಿಯನ್ನು ಯಾರೂ ಹಳಿಯುವುದಿಲ್ಲ. ತೂಗಿದೆನೆಂದು ಹೇಳುವ ವರ್ತಕನನ್ನು ಮಾತ್ರ ಪ್ರಶ್ನಿಸಬೇಕಾಗುತ್ತದೆ.

ಕೊನೆಯಲ್ಲಿ ಓದುಗರಿಗೆ ಎರಡು ವಿಜ್ಞಾಪನೆಗಳು. ಮುಂದಿನ ರಜೆಯಲ್ಲಿ ಮನೆಯ ಮಕ್ಕಳನ್ನು ಕೂರಿಸಿ ಒಂದು ಭಾಮಿನೀ ಷಟ್ಪದಿಗೆ ಪ್ರಸ್ತಾರ ಹಾಕಿಸಿರಿ. 102 ಮಾತ್ರೆಗಳು ಕೂಡಿಬರುವವರೆಗೂ ಬಿಡಬೇಡಿರಿ. ಆಮೇಲೆ ಅದೇ ಪದ್ಯವನ್ನು ರಾಗವಾಗಿ ಓದಬಲ್ಲ ಹಿರಿಯರೊಬ್ಬರಿಂದ ಓದಿಸಿ, ಮಕ್ಕಳು ಸುಮ್ಮನೆ ಕೇಳಲಿ. ಎರಡನೆಯದು, ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವ ಮೊದಲು ನಿಮ್ಮ ಊರಿನ ಕನ್ನಡ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಹೋಗಿ ವಿಚಾರಿಸಿರಿ. ಒಂಬತ್ತು ಮಂದಿ ಇದ್ದರೆ, ಹತ್ತನೆಯ ಮಗು ಯಾವ ಮನೆಯಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಅದರ ತಾಯಿತಂದೆಯರೊಡನೆ ಕುಳಿತು ಮಾತಾಡಿರಿ.